ಲೈಕ್ ಬೀಳ್ತಾವೆ, ಶೇರ್ ಯಾಕೆ ಆಗಲ್ಲ?

ದಾವಣಗೆರೆ, ಚಿತ್ರದುರ್ಗದ ಕಡೆ ಫೋನಿನಲ್ಲೇ ಬರೆದು ಫೋನಿನಲ್ಲೇ ಹಂಚುವ ಹೊಸಬರು ಎಲ್ಲಿ ಸಿಕ್ಕರೂ ಕೇಳುವ ಪ್ರಶ್ನೆ ಒಂದೇ: "ಕಷ್ಟಪಟ್ಟು ಬರೀತೀವ್ರಿ, ಲೈಕೂ ಬೀಳ್ತಾವೆ. ಆದ್ರೆ ಒಬ್ರೂ ಮುಂದಕ್ಕೆ ಕಳ್ಸಲ್ಲ. ಎಲ್ಲಿ ತಪ್ತಾ ಇದೀವಿ?"

ಲೈಕ್ ಒತ್ತುವವರು ನಿಮ್ಮ ಮುಖ ನೋಡಿ ಒತ್ತುತ್ತಾರೆ. ಕಳಿಸುವವರು ಬೇರೊಬ್ಬರ ಮುಖ ನೆನೆದು ಕಳಿಸುತ್ತಾರೆ. ಆ ಬೇರೊಬ್ಬರು ಯಾರು ಅನ್ನುವುದು ಬರೆಯಲು ಕೂರುವ ಮೊದಲೇ ನಿಮಗೆ ಗೊತ್ತಿರಬೇಕು.

"ದಾವಣಗೆರೆ ಬೆಣ್ಣೆದೋಸೆಯ ವೈಭವ" ಅಂತ ಬರೆದರೆ ಊರಿನವರು ಓದಿ ತಲೆಯಾಡಿಸಿ ಬಿಡುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಅದರಲ್ಲಿ ಏನಿದೆ? ಅದೇ "ಮನೆಯಲ್ಲಿ ಬೆಣ್ಣೆದೋಸೆ ಯಾಕೆ ಗರಿಗರಿ ಆಗಲ್ಲ" ಅಂತ ಬರೆಯಿರಿ, ಬೆಂಗಳೂರಿನಲ್ಲಿರುವ ಮಗಳಿಗೆ ತಾಯಿ ಕಳಿಸುತ್ತಾಳೆ. ಆದರೆ ಒಳಗೆ ಅಳತೆ ಇರಬೇಕು: ನಾಲ್ಕು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಎರಡು ಲೋಟ ಮಂಡಕ್ಕಿ, ಎರಡು ಚಮಚ ಮೆಂತ್ಯ. ಮಂಡಕ್ಕಿಯನ್ನು ಅಕ್ಕಿಯ ಜೊತೆ ನೆನೆಹಾಕಬಾರದು, ರುಬ್ಬುವ ಹತ್ತು ನಿಮಿಷ ಮುಂಚೆ ನೆನೆಸಿದರೆ ಸಾಕು. ಹೆಂಚು ಅತಿಯಾಗಿ ಕಾದಿದ್ದರೆ ಹಿಟ್ಟು ಹರಡದೆ ಸೌಟಿನ ಜೊತೆಗೇ ಎದ್ದು ಬರುತ್ತದೆ. ಆಗ ನೀರು ಚಿಮುಕಿಸಿ, ಬಟ್ಟೆಯಿಂದ ಒರೆಸಿ, ಆಮೇಲೆ ಹಿಟ್ಟು ಹಾಕಬೇಕು. ಇಷ್ಟೆಲ್ಲ ಬಿಟ್ಟು "ಉರಿ ಹದವಾಗಿರಲಿ" ಅಂತ ಮುಗಿಸಿದರೆ ಮಗಳು ತಾಯಿಗೇ ಫೋನ್ ಹಚ್ಚುತ್ತಾಳೆ, "ಹದ ಅಂದ್ರೆ ಎಷ್ಟಮ್ಮ?" ಅಂತ. ನೀವು ಬಿಟ್ಟಿದ್ದನ್ನು ಆ ತಾಯಿ ತುಂಬಬೇಕು. ಮುಂದಿನ ಸಲ ಆಕೆ ನಿಮ್ಮ ಬರಹ ಕಳಿಸುವುದಿಲ್ಲ.

ಕಳಿಸುವುದೆಂದರೆ ಒಂದು ಥರ ಜಾಮೀನು ನಿಂತಂತೆ. ಅಡುಗೆಯಲ್ಲಿ ತಪ್ಪಾದರೆ ಒಂದು ದೋಸೆ ಹಾಳು, ಹೊಲದಲ್ಲಿ ತಪ್ಪಾದರೆ ಬೆಳೆ ಹೋಗುತ್ತದೆ. ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ಇಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ, ಲೀಟರಿಗೆ 0.4 ಗ್ರಾಂ." ಲೆಕ್ಕ ಸರಿಯೇ. ಆದರೆ ಜಗಳೂರಿನ ರೈತ ಹೊಲಕ್ಕೆ ಹೊರುವುದು 15 ಲೀಟರಿನ ಟ್ಯಾಂಕು. ಗುಣಾಕಾರ ಅವನು ಮಾಡಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಯಾರೋ ಕೈಯಲ್ಲಿ ಬರೆದುಕೊಳ್ಳುವಾಗ ಆ ಚುಕ್ಕೆ ಬಿಟ್ಟುಹೋಗಿ 4 ಗ್ರಾಂ ಆಗಬಹುದು, ಅಂದರೆ ಹತ್ತು ಪಟ್ಟು. "15 ಲೀಟರ್ ಟ್ಯಾಂಕಿಗೆ 6 ಗ್ರಾಂ. ಸಂಜೆ ಹೊತ್ತು, ನಳಿಕೆಯ ಬಾಯಿ ನೇರ ಸುಳಿಯೊಳಗೆ ಹಿಡಿದು ಹೊಡೆಯಿರಿ" ಅಂತ ಬರೆಯಿರಿ. ಹುಳು ಹಗಲು ಸುಳಿಯೊಳಗೆ ಅಡಗಿರುತ್ತದೆ, ಎಲೆಯ ಮೇಲೆ ಹೊಡೆದ ಔಷಧಿ ಅದನ್ನು ಮುಟ್ಟುವುದಿಲ್ಲ ಅನ್ನುವ ಒಂದು ಸಾಲೂ ಇರಲಿ. ಕಾರಣ ಸಿಕ್ಕವನು "ಅಣ್ಣಾ, ಎಲೆ ಮೇಲೆ ಹೊಡ್ದು ಸುಮ್ನೆ ದುಡ್ಡು ಹಾಳ್ಮಾಡ್ತಿದೀವಿ ನೋಡು" ಅಂತ ತನ್ನದೇ ಮಾತು ಸೇರಿಸಿ ಕಳಿಸುತ್ತಾನೆ.

ಇನ್ನು ತಾರೀಖು. "ನಿನ್ನೆ ರಾತ್ರಿ ಮಾರಿಕಣಿವೆ ಕೋಡಿ ಬಿತ್ತು" ಅಂತ ಬರೆದಿರಿ ಅನ್ನಿ. ಮಾರಿಕಣಿವೆ ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು, ಅದು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಆಮೇಲೆ 2025ರಲ್ಲೂ ಬಿತ್ತು. ನಿಮ್ಮ "ನಿನ್ನೆ" ಯಾವ ವರ್ಷದ್ದು? ಎರಡು ಮಳೆಗಾಲ ಕಳೆದ ಮೇಲೂ ಅದು ಗುಂಪಿನಿಂದ ಗುಂಪಿಗೆ ಓಡಾಡುತ್ತಿರುತ್ತದೆ, ಹಿರಿಯೂರಿನವರು ಬೈಯುತ್ತಿರುತ್ತಾರೆ. ಜನ ಕೊಂಡಿ (ಲಿಂಕ್) ಬಿಟ್ಟು ಬರಹವನ್ನಷ್ಟೇ ಕಾಪಿ ಮಾಡಿ ಅಂಟಿಸುವುದೂ ಉಂಟು. ಹಾಗಾಗಿ ತಾರೀಖು, ತಿಂಗಳು, ವರ್ಷ ಮೊದಲ ಎರಡು ಸಾಲಿನೊಳಗೇ ಇರಲಿ, ನಿಮ್ಮ ಹೆಸರು ಕೊನೆಯ ಸಾಲಿನಲ್ಲಿ. ಚಿತ್ರವಿದ್ದರೆ ಅದರ ಮೂಲೆಯಲ್ಲೂ ತಾರೀಖು ಹಾಕಿ.

"ತಪ್ಪದೇ ಹತ್ತು ಜನಕ್ಕೆ ಕಳಿಸಿ" ಅನ್ನುವ ಸಾಲನ್ನು ಮಾತ್ರ ದಯವಿಟ್ಟು ಅಳಿಸಿ. ಅದನ್ನು ನೋಡಿದರೆ ಒಳ್ಳೆಯ ಬರಹವೂ ದೇವರ ಪವಾಡದ ಕರಪತ್ರದಂತೆ ಕಾಣುತ್ತದೆ. ವಾಟ್ಸಾಪ್ ಹೇಗೂ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲು ಬಿಡುವುದಿಲ್ಲ, ಹಲವು ಕೈ ದಾಟಿ ಎರಡು ಬಾಣದ ಗುರುತು ಬಿದ್ದ ಮೇಲೆ ಒಂದೊಂದೇ.

ಬರಹ ಚೆನ್ನಾಗಿದ್ದೂ ಕೊಂಡಿಯೇ ಕೆಡಿಸುವುದಿದೆ. ಕೊಂಡಿಯ ವಿಳಾಸದಲ್ಲಿ ಕನ್ನಡ ಇಟ್ಟರೆ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ, ಒತ್ತಿನ ಹಲಂತ ಕೂಡ ಕಾಪಿ ಮಾಡುವಾಗ ಒಂಬತ್ತೊಂಬತ್ತು ಇಂಗ್ಲಿಷ್ ಅಕ್ಷರ, ಅಂಕಿ, ಶೇಕಡಾ ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತವೆ. "ಬೆಣ್ಣೆದೋಸೆ" ಅನ್ನುವ ಒಂದೇ ಪದ 90 ಅಕ್ಷರದ ಬಾಲವಾಗುತ್ತದೆ. ನೋಡಿದವರಿಗೆ ಅದು ದುಡ್ಡು ಹೊಡೆಯುವ ಕೊಂಡಿಯಂತೆ ಕಾಣುತ್ತದೆ, ಒತ್ತುವುದಿಲ್ಲ. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಪದಕ್ಕೆ ಮುಗಿಯಲಿ, ಶೀರ್ಷಿಕೆ ಕನ್ನಡದಲ್ಲಿರಲಿ. ಕೊಂಡಿಯ ಜೊತೆ ಕಾಣುವ ಚಿತ್ರ 1200 ಅಗಲ, 630 ಎತ್ತರದ ಪಿಕ್ಸೆಲ್ ಇದ್ದು 300 ಕೆಬಿ ಒಳಗಿದ್ದರೆ ಒಳ್ಳೆಯದು, ತೂಕ ಹೆಚ್ಚಾದರೆ ಚಿತ್ರವೇ ಬಾರದೆ ಬರೀ ಕೊಂಡಿ ಉಳಿಯಬಹುದು. ಶೀರ್ಷಿಕೆಯ ತಿರುಳು ಮೊದಲ ನಾಲ್ಕೈದು ಪದದಲ್ಲೇ ಬರಬೇಕು, ಬಾಲ ಕತ್ತರಿಸಿ ಹೋಗುತ್ತದೆ.

ಡಿಟಿಪಿ ಅಂಗಡಿಯಲ್ಲಿ "ನುಡಿ" ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಹೊಡೆಸಿದ್ದನ್ನು ಹಾಗೇ ಅಂಟಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೋನಿನಲ್ಲಿ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ "ವರ್ಷ", "ಕಾರ್ಯ" ಥರದ ಅರ್ಕಾವೊತ್ತಿನ ಪದಗಳನ್ನು ಒಂದೊಂದಾಗಿ ನೋಡಿ. ಪರಿವರ್ತಕ ಎಡವುವುದು ಹೆಚ್ಚಾಗಿ ಅಲ್ಲೇ.

ಎಲ್ಲರಿಗೂ ಬಿಡುವ ಮೊದಲು ನಿಮ್ಮದೇ ನಂಬರಿಗೆ ಕೊಂಡಿ ಕಳಿಸಿಕೊಂಡು ನೋಡಿ. ಚಿತ್ರ ತಪ್ಪಿದ್ದು ಬದಲಾಯಿಸಿದರೂ ಹಳೆಯದೇ ಬರುತ್ತಿದ್ದರೆ ಗಾಬರಿ ಬೇಡ: ವಾಟ್ಸಾಪ್ ಮೊದಲ ಸಲ ಎತ್ತಿಕೊಂಡಿದ್ದನ್ನೇ ಕೆಲಕಾಲ ಇಟ್ಟುಕೊಳ್ಳುತ್ತದೆ. ಚಿತ್ರದ ಫೈಲಿಗೆ ಬೇರೆ ಹೆಸರು ಕೊಟ್ಟು ಏರಿಸಿ, ಕೊಂಡಿಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೊಂದು, ಅದರ ಮುಂದೆ 2 ಅನ್ನುವ ಅಂಕಿ ಸೇರಿಸಿ ಮತ್ತೆ ಕಳಿಸಿ. ಅಕ್ಷರ ದೊಡ್ಡದು ಮಾಡಿಕೊಂಡ ನಿಮ್ಮ ಅಪ್ಪನ ಫೋನಿನಲ್ಲೂ ಒಮ್ಮೆ ತೆರೆದು ನೋಡಿ, ಆ "6 ಗ್ರಾಂ" ಒಂದೇ ಸಾಲಿನಲ್ಲಿ ಉಳಿದಿದೆಯೋ, 6 ಮೇಲಿನ ಸಾಲಿಗೂ ಗ್ರಾಂ ಕೆಳಗಿನ ಸಾಲಿಗೂ ಹರಿದಿದೆಯೋ ಅಂತ.