ಒಂದು ಒನಕೆ ನಿಂತಾಗ

ಹಾಸನದ ಪ್ರೌಢಶಾಲೆಯೊಂದರಲ್ಲಿ ನಾನು ರಂಗಶಿಕ್ಷಕಿ. ಹೇಮಾವತಿ ಜಲಾಶಯದಲ್ಲಿ ಮುಳುಗಿದ ಊರುಗಳ ಬಗ್ಗೆ ಮಕ್ಕಳಿಂದ ಹಾಡುನಾಟಕ ಮಾಡಿಸಲು ಹೊರಟಾಗ ನನ್ನ ತಲೆಯ ತುಂಬ ಇತಿಹಾಸವೇ ಇತ್ತು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದದ್ದು, ನೀರಿಗೆ ಜಾಗ ಬಿಟ್ಟು ಹೊರಟ ಕುಟುಂಬಗಳು, ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚು. ಹನ್ನೆರಡು ಹಾಡು ಬರೆದೆ. ಅವುಗಳಲ್ಲಿ ಒಂಬತ್ತನ್ನು ಮೇಳ ಮುಷ್ಟಿ ಎತ್ತಿಯೇ ಹಾಡುತ್ತಿತ್ತು. ಅಧಿಕಾರಿ ಬರುತ್ತಾನೆ, ಊರು ಘೋಷಣೆ ಕೂಗುತ್ತದೆ, ಮತ್ತೆ ಅಧಿಕಾರಿ ಬರುತ್ತಾನೆ.

ತಾಲೀಮು ನೋಡಲು ದಿನವೂ ಬಂದು ಕೂರುತ್ತಿದ್ದವರು ಬಿಸಿಯೂಟದ ಅಕ್ಕ ಒಬ್ಬರೇ. ಅವರ ತಾಯಿಯ ಊರು ಆ ನೀರಿನಡಿ ಇದೆ. ಮೂರನೆಯ ದಿನ ನಡುವೆಯೇ ಎದ್ದು ಹೊರಟರು. ಏಕೆಂದು ಕೇಳಿದೆ.

“ನಮ್ಮವ್ವ ಘೋಷಣೆ ಕೂಗಿರಲಿಲ್ಲ ಮೇಡಂ. ಒರಳನ್ನು ನೆಲದಲ್ಲಿ ಹೂತಿದ್ದರು, ಕೀಳಲು ಆಗಲಿಲ್ಲ. ಸಾಯುವ ತನಕ ಅದನ್ನೇ ನೆನೆದು ಅಳುತ್ತಿದ್ದಳು.”

ಆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟೋ ಸಲ ಪಾಠ ಹೇಳಿದ್ದ ನಾಟಕಗಳೇ ಬೇರೆಯಾಗಿ ಕಂಡವು. ‘ಕ್ಯಾಬರೆ’ ಎಂಬ ಅಮೆರಿಕದ ಹಾಡುನಾಟಕ 1966ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂತು. ಕಥೆ ನಡೆಯುವುದು ನಾಜಿಗಳು ಅಧಿಕಾರ ಹಿಡಿಯುವುದಕ್ಕೆ ಸ್ವಲ್ಪ ಮುಂಚಿನ ಬರ್ಲಿನ್‌ನಲ್ಲಿ. ಬಾಡಿಗೆಗೆ ಕೋಣೆ ಕೊಡುವ ವಯಸ್ಸಾದ ಹೆಂಗಸಿಗೆ ಹಣ್ಣಿನಂಗಡಿಯ ಯಹೂದಿ ಒಂದು ಅನಾನಸ್ ತಂದುಕೊಡುತ್ತಾನೆ. ಇಬ್ಬರೂ ಹರೆಯದವರಂತೆ ನಾಚಿ ಹಾಡುತ್ತಾರೆ. ನಿಶ್ಚಿತಾರ್ಥಕ್ಕೆ ಬಂದ ಅತಿಥಿಯೊಬ್ಬ ಮೇಲಂಗಿ ಕಳಚಿದರೆ ತೋಳಿನಲ್ಲಿ ನಾಜಿಗಳ ಸ್ವಸ್ತಿಕದ ಪಟ್ಟಿ. ಮುಂದೆ ಅಂಗಡಿಯ ಗಾಜಿಗೆ ಇಟ್ಟಿಗೆ ಬೀಳುತ್ತದೆ. ಮದುವೆ ಬೇಡವೆನ್ನುವವಳು ಅವಳೇ. ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹಾಡಿನಲ್ಲೇ ಕೇಳುತ್ತಾಳೆ. ನಮಗೆ ಅವಳನ್ನು ದ್ವೇಷಿಸಲೂ ಆಗುವುದಿಲ್ಲ, ಕ್ಷಮಿಸಲೂ ಆಗುವುದಿಲ್ಲ. ನಾನು ಹಾಡನ್ನು ಕೂಗು ಇರುವಲ್ಲಿ ಇಟ್ಟಿದ್ದೆ. ಅಲ್ಲಿ ಅದು ಒಬ್ಬಳು ತೀರ್ಮಾನಕ್ಕೆ ಬರುವಲ್ಲಿ ಇದೆ.

ಅಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ‘ಉಳುವವನೇ ಹೊಲದೊಡೆಯ’ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅದಕ್ಕೂ ಮೊದಲೇ ಬಂದ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಗೌಡತಿಗೆ ಮಗು ಬೇಕು, ಬಸಣ್ಣನಿಗೆ ತಾನು ಉತ್ತ ಹೊಲ ಬೇಕು. ಬಿತ್ತಲಾರದ ಗೌಡನ ಕೈಯಲ್ಲಿ ನೆಲವೂ ಇದೆ, ಹೆಂಡತಿಯೂ ಇದ್ದಾಳೆ. ಹಾಸಿಗೆಯ ಮಾತನ್ನೂ ಹೊಲದ ಮಾತನ್ನೂ ಅಲ್ಲಿ ಬಿಡಿಸಲು ಬರುವುದಿಲ್ಲ.

ಮೇಳದ ಏಳು ಹಾಡುಗಳನ್ನು ತೆಗೆದೆ. ಹಾಗೆಂದು ರಾಜಕೀಯವನ್ನು ಕೈಬಿಟ್ಟರೆ ಉಳಿಯುವುದು ಬರೀ ಅಳು. ಆದ್ದರಿಂದ ಭೂಸ್ವಾಧೀನದ ನೋಟಿಸನ್ನು ರಾಗವಿಲ್ಲದೆ, ಒಣ ಗದ್ಯದಲ್ಲಿ ಪೂರ್ತಿ ಓದಿಸಿದೆ. ಉಳಿದದ್ದು ಒಂದು ಮನೆ, ತಾಯಿ, ಮದುವೆ ಗೊತ್ತಾದ ಮಗಳು, ಮದುವೆಯ ಅಕ್ಕಿಗೆ ಭತ್ತ ಕುಟ್ಟುವ ಒರಳು.

ಮಕ್ಕಳು ಒನಕೆ ಮುಟ್ಟಿದವರಲ್ಲ. ಅಕ್ಕನೇ ಕಲಿಸಿದರು. ಇಬ್ಬರು ಎದುರುಬದುರು ನಿಂತು ಕುಟ್ಟುವಾಗ ಒಂದು ಏಳಬೇಕು, ಒಂದು ಬೀಳಬೇಕು, ಒಂದಕ್ಕೊಂದು ತಾಗಬಾರದು. ಅದೇ ನಮ್ಮ ಹಾಡಿನ ತಾಳವಾಯಿತು, ಹಾರ್ಮೋನಿಯಂ ಪಕ್ಕಕ್ಕಿಟ್ಟೆ. ನೋಟಿಸು ಓದುತ್ತಿದ್ದಂತೆ ಮಗಳ ಒನಕೆ ನಿಲ್ಲುತ್ತದೆ, ತಾಯಿಯದು ಮಾತ್ರ ಬೀಳುತ್ತಿರುತ್ತದೆ. ತಾಳದ ಅರ್ಧ ಖಾಲಿ.

ತಾಯಿಯ ಪಾತ್ರದ ಹುಡುಗಿ, “ನಾನೂ ನಿಲ್ಲಿಸಬೇಕಾ ಮಿಸ್?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಕ್ಕ ಹೇಳಿದರು: “ಮದುವೆಗೆ ಅಕ್ಕಿ ಆಗಬೇಕಲ್ಲ ಮಗಳೇ, ಕುಟ್ಟು.”