ಕೈವಾರ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಒಂದು ಸೈಟಿನಲ್ಲಿ ಪಾಯಕ್ಕೆ ದಾರ ಕಟ್ಟಿಸುತ್ತಿದ್ದೆ. ದಾರ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಕೈವಾರ ಮೇಷ್ಟ್ರು ಅನ್ನುವುದು ನಾವಿಟ್ಟ ಹೆಸರು. ಚಿಂತಾಮಣಿ ಹತ್ತಿರದ ಕೈವಾರ ಅವರ ಊರಿರಬೇಕು ಅಂತ ಹೊಸಬರು ತಿಳಿಯುತ್ತಿದ್ದರು. ಬೋರ್ಡಿಗೆ ಬಳಸುವ ಮರದ ಕೈವಾರ ಸದಾ ಅವರ ಕಂಕುಳಲ್ಲಿರುತ್ತಿತ್ತು, ಅಷ್ಟೇ. ಪುಸ್ತಕದ ತ್ರಿಭುಜಗಳೆಲ್ಲ ಪಾದ ಊರಿ ನೆಟ್ಟಗೆ ಕೂತಿರುತ್ತವೆ. ಇವರು ಬೇಕಂತಲೇ ವಾಲಿಸಿ, ತಲೆಕೆಳಗಾಗಿ ಬರೆದು "ಇವನು ಯಾರಪ್ಪಾ?" ಅನ್ನುತ್ತಿದ್ದರು. ಅರ್ಧ ಕ್ಲಾಸು ಸಮದ್ವಿಬಾಹುವನ್ನು ಅಸಮಬಾಹು ಅಂತ ಕೂಗುತ್ತಿತ್ತು.

ಒಮ್ಮೆ 3, 4, 8 ಸೆಂ.ಮೀ. ಬಾಹುಗಳ ತ್ರಿಭುಜ ರಚಿಸಿ ಅಂದರು. ಕಂಸಗಳು ಸೇರಲೇ ಇಲ್ಲ. ನಾನು ಸ್ಕೇಲು ಜಾರಿಸಿ ಹೇಗೋ ಮುಚ್ಚಿ, ಎಲ್ಲರಿಗಿಂತ ಮೊದಲು ತೋರಿಸಿದೆ. "ಮೂರು ನಾಲ್ಕು ಏಳು. ಎಂಟರ ತನಕ ಮುಟ್ಟಿಸಿದ್ದೀಯಲ್ಲೋ, ಮಿಕ್ಕಿದ್ದು ಮನೆಯಿಂದ ತಂದೆಯಾ?"

ಬುಗುರಿ ಆಟಕ್ಕೆ ವೃತ್ತ ಎಳೆಯಲು ಹೋಗಿ ಆ ಕೈವಾರದ ಕಾಲು ಮುರಿದದ್ದು ಮಧ್ಯಾಹ್ನದ ಬಿಡುವಿನಲ್ಲಿ. ಅಂಟು ಹಚ್ಚಿ ಇಟ್ಟೆವು. ಬೋರ್ಡಿಗೆ ಒತ್ತಿದ ತಕ್ಷಣ ಕಾಲು ಕಳಚಿ ಬಿತ್ತು. ಚಡ್ಡಿಗೆ ಸೀಮೆಸುಣ್ಣ ಮೆತ್ತಿದ್ದ ಹಿಂದಿನ ಬೆಂಚಿನ ಗೆಳೆಯ ಸಿಕ್ಕಿಬಿದ್ದು ಬೆಂಚಿನ ಮೇಲೆ ನಿಂತ. ಮರುದಿನ ಮೇಷ್ಟ್ರು ಹಗ್ಗ ತಂದರು. ಅದರಲ್ಲಿ 12 ಸಮಭಾಗಕ್ಕೆ ಗಂಟು, ಎರಡು ತುದಿಯೂ ಸೇರಿಸಿ ಕಟ್ಟಿದ್ದು. ಮೈದಾನದಲ್ಲಿ ಮೂವರು ನಿಂತು 3, 4, 5 ಭಾಗ ಬರುವಂತೆ ಬಿಗಿಯಾಗಿ ಎಳೆದೆವು. ಲಂಬಕೋನ ತಾನಾಗಿ ನಿಂತಿತು! ಯಾವಾಗಲೂ ಸೊಟ್ಟಗಿರುತ್ತಿದ್ದ ವಾಲಿಬಾಲ್ ಅಂಕಣವನ್ನು ಅದೇ ಹಗ್ಗದಿಂದ ಮೂಲೆ ಹಿಡಿದು, 18 ಮೀಟರ್ ಉದ್ದ 9 ಮೀಟರ್ ಅಗಲಕ್ಕೆ ಹೊಸದಾಗಿ ಸುಣ್ಣ ಹಾಕಿದೆವು. ಪಿಟಿ ಮೇಷ್ಟ್ರು ಒಂದು ವಾರ ಮಾತಾಡಲಿಲ್ಲ.

ಹೇಳಿಕೊಳ್ಳಬಾರದು, ಆದರೂ ನಾನು ಕಟ್ಟಿಸಿದ ಮನೆಗಳಲ್ಲಿ ಒಂದು ಮೂಲೆಯೂ ಸೊಟ್ಟಗಿಲ್ಲ. ಮೇಸ್ತ್ರಿ ಮಟ್ಟ ಇಟ್ಟು ನೋಡಿದ ಮೇಲೂ ದಾರದಲ್ಲಿ 3 ಅಡಿ, 4 ಅಡಿ ಗುರುತು ಹಾಕಿ, ಓರೆ 5 ಅಡಿ ಬಂತಾ ಅಂತ ನಾನೇ ಅಳೆಯುತ್ತೇನೆ. ಮಗಳ ಶಾಲೆಯಲ್ಲಿ ಈಗ ಸ್ಮಾರ್ಟ್ ಬೋರ್ಡ್. ಬೆರಳಿಟ್ಟು ಎಳೆದರೆ ಲಘುಕೋನ ವಿಶಾಲಕೋನ ಆಗುತ್ತದೆ. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಅವಳ ನೋಟ್‌ಬುಕ್ಕಿನಲ್ಲಿ ಕೈವಾರದ ಮುಳ್ಳು ಚುಚ್ಚಿದ ತೂತು ಒಂದೂ ಇಲ್ಲ.

ಅಂದ ಹಾಗೆ, ಕಾಲು ಮುರಿದದ್ದು ನಾನು. ಬೆಂಚಿನ ಮೇಲೆ ನಿಂತವನು ಈ ಸಂಚಿಕೆ ಖಂಡಿತ ಓದುತ್ತಾನೆ. ಕ್ಷಮಿಸೋ ಮಾರಾಯ.