ಅದಿರು ಲಾರಿಯ ಶೆಡ್ಡಿನಲ್ಲಿ ಸೂಪರ್‌ಚಾರ್ಜರ್

ನನ್ನ ಸೋದರಮಾವನ ಬಳಿ ಫೋರ್ಡ್ ಮಸ್ಟಾಂಗ್ ಜಿಟಿ ಕಾರೊಂದಿದೆ. ಬೆಂಗಳೂರಿನಲ್ಲಿ ಒಬ್ಬರು ಬಳಸಿ ಮಾರಿದ್ದನ್ನು ಕೊಂಡು ಬಳ್ಳಾರಿಗೆ ತಂದದ್ದು. ಐದು ಲೀಟರಿಗೆ ತುಸು ಕಡಿಮೆ, ಅಂದರೆ 4951 ಸಿಸಿಯ, ಎಂಟು ಸಿಲಿಂಡರಿನ ವಿ8 ಎಂಜಿನ್, ಸುಮಾರು 400 ಅಶ್ವಶಕ್ತಿ. ಇಷ್ಟಿದ್ದರೂ ಸಾಲದೆಂದು ಮಾವ ಅಮೆರಿಕದಿಂದ, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬಿಸಿ ಬಲ ಏರಿಸುವ ಸೂಪರ್‌ಚಾರ್ಜರ್ ಕಿಟ್ ತರಿಸಿ, ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಂಡ ಮೇಲಷ್ಟೇ ನನಗೆ ಸುದ್ದಿ ಮುಟ್ಟಿಸಿದರು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಅಳಿಯ ಮನೆಯಲ್ಲಿರುವಾಗ ಹೊರಗಿನ ಗ್ಯಾರೇಜಿಗೆ ಯಾಕೆ ದುಡ್ಡು ಸುರಿಯಬೇಕು ಎಂಬುದು ಅವರ ಲೆಕ್ಕ.

ನಾನು ಮೊದಲು ಎತ್ತಿದ್ದು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ. "ರಸ್ತೆಗೆ ಯಾರು ಇಳಿಸ್ತಾರೆ ಅಳಿಯಾ? ಗಾಡಿ ಮೇಲೆ ಹೇರ್ಕೊಂಡು ಟ್ರ್ಯಾಕಿಗೇ ಒಯ್ಯೋದು" ಎಂದು ಮಾವ ಮಾತು ಕೊಟ್ಟ ಮೇಲೆಯೇ ನಾನು ಸ್ಪ್ಯಾನರ್ ಮುಟ್ಟಿದ್ದು.

ಕೆಲಸಕ್ಕೆ ಆರಿಸಿಕೊಂಡದ್ದು 2022ರ ಜನವರಿ. ಬಳ್ಳಾರಿಯಲ್ಲಿ ಕೈಗೆ ಕಬ್ಬಿಣ ಹಿಡಿದು ಕೂರಬಹುದಾದ ತಿಂಗಳುಗಳು ಬಹಳ ಇಲ್ಲ. ಜಾಗ ಹೊಸಪೇಟೆ ರಸ್ತೆಯ ಕಡೆಗಿರುವ ಮಾವನ ಹಳೆಯ ಶೆಡ್. ಅದಿರು ಸಾಗಣೆ ಜೋರಾಗಿದ್ದ ಕಾಲದಲ್ಲಿ ಅವರ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಮೇಲೆ ಲಾರಿಗಳು ಒಂದೊಂದಾಗಿ ಮಾರಾಟವಾದವು. ಕೆಳಗಿಳಿದು ಕೆಲಸ ಮಾಡುವ ಗುಂಡಿ ಮತ್ತು ತೊಲೆಗೆ ತೂಗುವ ಚೈನ್ ಪುಲ್ಲಿ ಉಳಿದವು. ಸೂಪರ್‌ಚಾರ್ಜರನ್ನು ಇಬ್ಬರು ಕೈಯಲ್ಲಿ ಹಿಡಿದು ಎಂಜಿನ್ ಮೇಲೆ ನೇರವಾಗಿ ಇಳಿಸುವುದು ಕಷ್ಟವಾದ್ದರಿಂದ, ಆ ಚೈನ್ ಪುಲ್ಲಿ ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಒಪ್ಪುತ್ತಿರಲಿಲ್ಲ.

ಜೊತೆಗೆ ಬಂದವರು ಸ್ಪಾಂಜ್ ಐರನ್ ಕಾರ್ಖಾನೆಯೊಂದರಲ್ಲಿ ಬಹುಕಾಲ ಫಿಟರ್ ಆಗಿದ್ದ, ನಾವೆಲ್ಲ ಮೇಸ್ತ್ರಿ ಎಂದು ಕರೆಯುವ ಹಿರಿಯರು. ಕಾರಿನ ಎಂಜಿನ್ ಅವರ ಕ್ಷೇತ್ರವಲ್ಲ. ಆದರೆ ಮರದ ಪೆಟ್ಟಿಗೆ ತೆರೆದು ಸೂಪರ್‌ಚಾರ್ಜರನ್ನು ಹೊರಗಿಟ್ಟ ಕೂಡಲೇ ಅವರು ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬಾಯಿಗೆ ಟಾರ್ಚ್ ಹಿಡಿದು ಒಳಗೆ ನೋಡಿ, "ಇದು ನಮ್ ಪ್ಲಾಂಟಿನ ಬ್ಲೋವರ್ರೇ ಅಲ್ವೇನ್ರೀ!" ಎಂದರು. ಮಾವನಿಗೆ ಮುಖ ಸಣ್ಣದಾಯಿತು. ಮೇಸ್ತ್ರಿ ಹೇಳಿದ್ದು ಮಾತ್ರ ಅಕ್ಷರಶಃ ಸರಿ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್ ಊದುಕುಲುಮೆಗಳಿಗೂ ಇತರ ಕಾರ್ಖಾನೆಗಳಿಗೂ ಗಾಳಿ ತಳ್ಳುವ ಯಂತ್ರವಾಗಿತ್ತು. ಅದು ಕಾರಿನ ಎಂಜಿನ್ ಮೇಲೆ ಬಂದು ಕುಳಿತದ್ದು ಆಮೇಲೆ. ಎರಡು ರೋಟರ್‌ಗಳು ಒಂದನ್ನೊಂದು ತಾಗದೆ ಎದುರುಬದುರಾಗಿ ತಿರುಗುತ್ತ, ಗಾಳಿಯನ್ನು ಗೋಡೆಯಂಚಿನಿಂದ ಸಾಗಿಸಿ ಆಚೆ ದೂಡುತ್ತವೆ. ಪ್ಲಾಂಟಿನ ಬ್ಲೋವರ್‌ನಲ್ಲಿ ರೋಟರಿಗೆ ಎರಡೋ ಮೂರೋ ನೇರವಾದ ಎಸಳುಗಳಿದ್ದರೆ, ಇದರಲ್ಲಿ ನಾಲ್ಕು, ಅವೂ 160 ಡಿಗ್ರಿ ತಿರುಚಿದವು. ಸದ್ದು ಕಡಿಮೆಯಾಗಿ ಗಾಳಿ ಒಂದೇ ಸಮನೆ ಬರಲಿ ಎಂದು ಈ ತಿರುಚು. ಮೇಸ್ತ್ರಿ ಪುಲ್ಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಕಿವಿ ಹತ್ತಿರ ತಂದು ಎಲ್ಲಿಯೂ ಉಜ್ಜುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು. ಕಿಟ್ಟಿನ ಕೈಪಿಡಿಯಲ್ಲಿ ಈ ಪರೀಕ್ಷೆಯೇ ಇರಲಿಲ್ಲ. ಇರಬೇಕಿತ್ತು ಎಂದು ನನ್ನ ಅಭಿಪ್ರಾಯ.

ಬಿಚ್ಚುವ ಕೆಲಸದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಬ್ಯಾಟರಿ ತಂತಿ ಕಳಚಿ, ಪೆಟ್ರೋಲ್ ಲೈನಿನ ಒತ್ತಡ ಇಳಿಸಿ, ಕೂಲೆಂಟ್ ಬಸಿದು, ಮುಂದಿನ ಬಂಪರ್ ತೆಗೆದೆವು. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಎತ್ತಿದಾಗ ಮಾತ್ರ ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು. ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ ಕುಂಕುಮ ಚೆಲ್ಲಿದಂತೆ ಕೆಂಪು ಧೂಳು ನುಣ್ಣಗೆ ಕೂತಿತ್ತು. ಅದು ಅದಿರಿನ ಧೂಳು. ಸಿಲಿಂಡರಿಗೆ ಇಳಿದರೆ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಎಂಟೂ ಗಾಳಿರಂಧ್ರಗಳಿಗೆ ಟೇಪ್ ಹಚ್ಚಿದ ಮೇಲೆಯೇ ವ್ಯಾಕ್ಯೂಮ್ ಕ್ಲೀನರ್ ಹಿಡಿದೆವು. ರಂಧ್ರಕ್ಕೆ ತುರುಕಲೆಂದು ಮಾವ ಪರಿಚಯದವರ ಜೀನ್ಸ್ ಹೊಲಿಗೆ ಘಟಕದಿಂದ ತುಂಡು ಬಟ್ಟೆಯ ಗಂಟನ್ನೇ ತರಿಸಿದ್ದರು. ಅಂಚಿನಿಂದ ನೂಲು ಬಿಡುವ ಬಟ್ಟೆ ಎಂಜಿನ್ ಬಾಯಿಗೆ ಬೇಡವೆಂದು ಮೇಸ್ತ್ರಿ ತಡೆದರು. ಬಣ್ಣ ಗೀರದಂತೆ ಮಡ್‌ಗಾರ್ಡ್ ಮೇಲೆ ಹಾಸಲು ಅದು ಒದಗಿತು.

ಮೇಸ್ತ್ರಿಗೂ ನನಗೂ ಸ್ವಲ್ಪ ಜಟಾಪಟಿಯಾದದ್ದು ಬೋಲ್ಟ್ ಬಿಗಿಯುವಲ್ಲಿ. ಕೈಪಿಡಿಯ ಅಳತೆಗಳು ಕೆಲವೆಡೆ ಇಂಚ್-ಪೌಂಡ್, ಕೆಲವೆಡೆ ಫುಟ್-ಪೌಂಡ್. ಎರಡರ ನಡುವೆ ಹನ್ನೆರಡು ಪಟ್ಟು ಅಂತರ. ಅಲ್ಯೂಮಿನಿಯಂ ಹೆಡ್ಡಿಗೆ ಕೂರುವ ಸಣ್ಣ ಬೋಲ್ಟಿಗೆ ಬೇಕಾದದ್ದು ಹತ್ತು ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಸುಮಾರು 89 ಇಂಚ್-ಪೌಂಡ್. ಕಾರ್ಖಾನೆಯ ಸ್ಪ್ಯಾನರಿಗೆ ಪೈಪ್ ತೂರಿಸಿ ಬಿಗಿದು ಪಳಗಿದ ಕೈಗೆ ಇದು ಬಿಗಿ ಎನಿಸುವುದೇ ಇಲ್ಲ. ಕೊನೆಗೆ ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ನನ್ನ ಕೈಗೆ ಬಂತು; ನಡುವಿನಿಂದ ಹೊರಕ್ಕೆ, ಸುತ್ತು ಸುತ್ತಾಗಿ ಬಿಗಿದೆವು.

ಕೈಪಿಡಿಯಲ್ಲಿ ಇಲ್ಲದ ತೊಂದರೆಯೂ ಒಂದಿತ್ತು. ಕಿಟ್ ತಯಾರಾದದ್ದು ಎಡಗಡೆ ಸ್ಟಿಯರಿಂಗ್ ಇರುವ ಕಾರಿಗೆ. ನಮ್ಮ ಕಾರಿನಲ್ಲಿ ಬ್ರೇಕ್ ಬೂಸ್ಟರ್ ಬಲಗಡೆ ಇರುವುದರಿಂದ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ನೀರಿನ ತೊಟ್ಟಿಯ ಬ್ರಾಕೆಟ್ ಕೂರಲಿಲ್ಲ. ರಟ್ಟಿನಲ್ಲಿ ಆಕಾರ ಕತ್ತರಿಸಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋಗಿ ಬೇರೆಯದನ್ನೇ ಮಾಡಿಸಿದೆವು.

ಬಳ್ಳಾರಿಯಲ್ಲಿ ಆ ಇಂಟರ್‌ಕೂಲರ್ ಸೂಪರ್‌ಚಾರ್ಜರಿನಷ್ಟೇ ಮುಖ್ಯ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಇಲ್ಲಿನ ಬೇಸಿಗೆಯ 40 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್ ಹೆಚ್ಚುವರಿ ಒತ್ತಡಕ್ಕೆ ಏರಿಸಿದರೆ ಹೊರಬರುವಾಗ ಅದರ ಬಿಸಿ ನೂರು ಡಿಗ್ರಿಯ ಹತ್ತಿರ ಇರುತ್ತದೆ. ಈ ಎಂಜಿನ್ನಿನ ಸಂಪೀಡನ ಅನುಪಾತವೇ, ಅಂದರೆ ಸಿಲಿಂಡರಿನೊಳಗೆ ಮಿಶ್ರಣವನ್ನು ಹಿಂಡುವ ಪ್ರಮಾಣವೇ 11:1. ಅದರೊಳಗೆ ಇಷ್ಟು ಬಿಸಿ ಗಾಳಿ ಹೊಕ್ಕರೆ ಕಿಡಿ ಹಾರಿದ ಮೇಲೆ ಉಳಿದ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನನ್ನು ಬಡಿಯುತ್ತದೆ, ಅದೇ ನಾಕಿಂಗ್. ಅದಕ್ಕೆಂದೇ ಗಾಳಿಯ ದಾರಿಯಲ್ಲಿ ನೀರು ಹರಿಯುವ ಇಂಟರ್‌ಕೂಲರ್, ಆ ನೀರನ್ನು ತಣಿಸಲು ಬಂಪರಿನ ಹಿಂದೆ ಇನ್ನೊಂದು ರೇಡಿಯೇಟರ್, ನೀರು ಸುತ್ತಿಸಲು ಬೇರೆ ಪಂಪು. ಎಷ್ಟು ಮಾಡಿದರೂ ನೀರು ಹೊರಗಿನ ಹವೆಗಿಂತ ತಣ್ಣಗಾಗಲಾರದು.

ನಾಕಿಂಗ್ ತಡೆಯಲು ಪೆಟ್ರೋಲ್ ಕೂಡ ಸರಿಯಿರಬೇಕು. ನಾಕಿಂಗ್ ತಡೆಯುವ ಗುಣದ ಅಳತೆಯೇ ಆಕ್ಟೇನ್; ಕೈಪಿಡಿ ಕನಿಷ್ಠ 91 ಆಕ್ಟೇನ್ ಎನ್ನುತ್ತಿತ್ತು. "ನಮ್ ಬಂಕಿನ ಮಾಮೂಲಿ ಪೆಟ್ರೋಲೇ 91 ಐತಲ್ಲೋ" ಎಂದು ಮಾವ ನಿರಾಳರಾಗಿದ್ದರು. ಆಗ ನಮ್ಮಲ್ಲಿ ಸಿಗುತ್ತಿದ್ದ ಸಾಮಾನ್ಯ ಪೆಟ್ರೋಲಿನ 91 ಎಂಬುದು ರಿಸರ್ಚ್ ಆಕ್ಟೇನ್ ಸಂಖ್ಯೆ. ಅಮೆರಿಕದ ಬಂಕಿನಲ್ಲಿ ಬರೆಯುವುದು ರಿಸರ್ಚ್ ಮತ್ತು ಮೋಟಾರ್ ಆಕ್ಟೇನ್‌ಗಳ ಸರಾಸರಿ. ಅಲ್ಲಿನ 91 ನಮ್ಮ ಲೆಕ್ಕದಲ್ಲಿ 95-96ಕ್ಕೆ ಸಮ. ಈ ಒಂದು ಅಂಕಿಯ ಗೊಂದಲದಲ್ಲಿ ಎಂಜಿನ್ನೇ ಹೋಗಬಹುದಿತ್ತು. ಟ್ಯಾಂಕ್ ಬಸಿದು 95 ಆಕ್ಟೇನ್ ತುಂಬಿಸಿದೆವು. ಕಿಡಿ ಇನ್ನಷ್ಟು ತಡವಾಗಿ ಹಾರುವಂತೆ ಹೊಂದಿಸಿದ ಟ್ಯೂನ್ ಫೈಲನ್ನು ಕೇಳಿ ತರಿಸಿ, ಹಳೆಯದನ್ನು ಉಳಿಸಿಕೊಂಡು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಹಾಕಿದೆವು. ದೊಡ್ಡ ಇಂಜೆಕ್ಟರ್‌ಗಳೂ ಗ್ಯಾಪ್ ಕಡಿಮೆ ಮಾಡಿದ ಹೊಸ ಪ್ಲಗ್ಗುಗಳೂ ಅಷ್ಟರಲ್ಲಿ ಕೂತಿದ್ದವು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾವ ನಿರೀಕ್ಷಿಸಿದ ಅಬ್ಬರವೇ ಇರಲಿಲ್ಲ. ಆಕ್ಸಿಲರೇಟರ್ ಒತ್ತದಿದ್ದಾಗ ಬೈಪಾಸ್ ವಾಲ್ವ್ ತೆರೆದಿದ್ದು, ಬ್ಲೋವರ್ ತಳ್ಳಿದ ಗಾಳಿ ಅದರ ಬಾಯಿಗೇ ಹಿಂತಿರುಗುವುದರಿಂದ ಕಾರು ಮೊದಲಿನ ಹಾಗೆಯೇ ಗುರುಗುಡುತ್ತಿತ್ತು. ಇಂಟರ್‌ಕೂಲರಿನ ತೊಟ್ಟಿಯಲ್ಲಿ ಮಾತ್ರ ನೀರು ಅಲುಗಾಡುತ್ತಿರಲಿಲ್ಲ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಕಾರಿನ ಮೂತಿಯನ್ನು ಜಾಕಿನಿಂದ ಎತ್ತಿ, ಪಂಪು ಬಿಟ್ಟು ಬಿಟ್ಟು ಓಡಿಸಿ, ಗುಳ್ಳೆಗಳೆಲ್ಲ ಹೊರಬಂದು ನೀರು ಸುಳಿಯತೊಡಗಿದ ಮೇಲೆ ಎಂಜಿನ್ನನ್ನು ಶೆಡ್ಡಿನ ಅಂಗಳದಲ್ಲಿ ಬಿಸಿ ಮಾಡಿದೆವು.

ಪೂರ್ತಿ ಬಲದ ಪರೀಕ್ಷೆಗೆ ಕಾರನ್ನು ಹೇರಿಕೊಂಡು ಬೆಂಗಳೂರಿನಲ್ಲಿ, ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಬಲ ಅಳೆಯುವ ಡೈನೊ ಒಂದಕ್ಕೆ ಹೋದೆವು. ರೋಲರ್ ಮೇಲೆ ಮೊದಲ ಓಟ ಬಹಳ ಚೆನ್ನಾಗಿತ್ತು. ಬ್ಲೋವರಿನ ಸಿಳ್ಳೆಯೂ ಆಗ ಕೇಳಿತು, ಮಾವನ ಮುಖವೂ ಅರಳಿತು. ಆದರೆ ಬೆನ್ನುಬೆನ್ನಿಗೆ ಓಡಿಸಿದಂತೆ ಇಂಟರ್‌ಕೂಲರ್ ದಾಟಿದ ಗಾಳಿಯ ಬಿಸಿ ಏರಿ, ಇಸಿಯು ತಾನಾಗಿಯೇ ಕಿಡಿಯನ್ನು ತಡಮಾಡಿ ಬಲ ಇಳಿಸುತ್ತಿದ್ದುದು ದಾಖಲಾದ ಲಾಗಿನಲ್ಲಿ ಕಂಡಿತು. ಬೆಂಗಳೂರಿನ ಜನವರಿಯಲ್ಲೇ ಹೀಗಾದರೆ ಬಳ್ಳಾರಿಯ ಏಪ್ರಿಲಿನಲ್ಲಿ ಏನು ಗತಿ ಎಂದು ಕೇಳಿದೆ. ಡ್ರ್ಯಾಗ್ ರೇಸಿನವರು ಇಂಟರ್‌ಕೂಲರ್ ತೊಟ್ಟಿಗೆ ಐಸ್ ಸುರಿಯುತ್ತಾರೆಂದು ಅಲ್ಲಿದ್ದ ಹುಡುಗನೊಬ್ಬ ಹೇಳಿದ್ದೇ ತಡ, ಮಾವ ಊರಿಗೆ ಬಂದ ಮಾರನೆಯ ದಿನವೇ ಅದೇ ವೆಲ್ಡಿಂಗ್ ಅಂಗಡಿಗೆ ಹೋಗಿ, ಐಸ್ ಗಡ್ಡೆ ಇಳಿಯುವಷ್ಟು ಅಗಲ ಬಾಯಿಯ ತೊಟ್ಟಿಯೊಂದಕ್ಕೆ ಅಳತೆ ಕೊಟ್ಟು ಬಂದರು.